ಭಾರವೋ, ಬಸ್ಕಿಯೋ? – ಒಂದು ವಿಮರ್ಶೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ತಾಲ್ಲೂಕುಗಳಿವು. ಮಳೆಯನ್ನು ನಂಬಿದ ಬೇಸಾಯವೇ ಹೆಚ್ಚಾಗಿರುವ ಈ ಸೀಮೆಯಲ್ಲಿ ಬಲವೆಂದರೆ ಕನ್ನಡಿಯಲ್ಲಿ ನೋಡಿಕೊಳ್ಳುವ ತೋಳಲ್ಲ. ಮೆಕ್ಕೆಜೋಳದ ಚೀಲವನ್ನು ಲಾರಿಗೇರಿಸುವ, ನೀರಿನ ಕೊಡ ಹೊರುವ, ಮುಪ್ಪಿನಲ್ಲಿ ಇನ್ನೊಬ್ಬರ ಕೈ ಹಿಡಿಯದೆ ನೆಲದಿಂದ ಏಳುವ ಸಾಮರ್ಥ್ಯ. ಇದಕ್ಕೆ ಜಿಮ್ಮಿನ ಕಬ್ಬಿಣವೇ ಬೇಕೆಂದು ಕೆಲವರು, ದಂಡ-ಬಸ್ಕಿ ಸಾಕೆಂದು ಕೆಲವರು ವಾದಿಸುವುದನ್ನು ನೀವು ಕೇಳಿರಬಹುದು. ಎರಡೂ ವಾದಗಳನ್ನು ಒರೆಗೆ ಹಚ್ಚಿ ನೋಡೋಣ.

ಸ್ನಾಯುವಿಗೆ ತಿಳಿಯುವುದೇನು?

ಎಳೆತ ಕಬ್ಬಿಣದಿಂದ ಬಂತೋ ಸ್ವಂತ ದೇಹದಿಂದ ಬಂತೋ ಎಂಬುದು ಸ್ನಾಯುವಿಗೆ ತಿಳಿಯದು. ಎಳೆತ ಎಷ್ಟು, ಎಷ್ಟು ಹೊತ್ತು ಎಂಬುದಷ್ಟೇ ಅದಕ್ಕೆ ಮುಖ್ಯ. ದಂಡ ಹೊಡೆಯುವಾಗ ಅಂಗೈಗಳ ಮೇಲೆ ದೇಹತೂಕದ ಸುಮಾರು ಮೂರನೇ ಎರಡರಿಂದ ನಾಲ್ಕನೇ ಮೂರು ಪಾಲು ಬೀಳುತ್ತದೆ. 60 ಕಿ.ಗ್ರಾಂ. ತೂಗುವ ವಿದ್ಯಾರ್ಥಿಗೆ ಇದು 40ರಿಂದ 45 ಕಿ.ಗ್ರಾಂ. ಚಪ್ಪಟೆ ತೂಕದ ಯಂತ್ರವೊಂದರ ಮೇಲೆ ಅಂಗೈ ಊರಿ ನೀವೇ ಅಳೆದು ನೋಡಬಹುದು. ದಂಡದಷ್ಟೇ ಭಾರವಿಟ್ಟು ಮಲಗಿ ಕಬ್ಬಿಣ ಎತ್ತಿದವರನ್ನೂ ದಂಡ ಹೊಡೆದವರನ್ನೂ ಎಂಟು ವಾರ ಹೋಲಿಸಿದ ಜಪಾನಿನ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಸ್ನಾಯುವಿನ ಬೆಳವಣಿಗೆಯೂ ಬಲವೂ ಎರಡು ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದವು. ಉಪಕರಣವಿಲ್ಲದೆ ಬಲ ಬಾರದೆಂಬ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

ಹಾಗೆಂದು ಎದುರು ಪಕ್ಷ ಗೆದ್ದಿತೆಂದು ತಿಳಿಯಬೇಡಿ. ಹತ್ತು ಬಸ್ಕಿ ನೂರಾದಾಗ ಹೆಚ್ಚುವುದು ಮುಖ್ಯವಾಗಿ ತಾಳಿಕೆ. ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರ ಅದೇ ಪ್ರಮಾಣದಲ್ಲಿ ಏರದು. ಕಾಲನ್ನು ಮೆಟ್ಟಿಲ ಮೇಲಿಟ್ಟು ದಂಡ ಹೊಡೆದರೆ, ಒಂಟಿಕಾಲಿನಲ್ಲಿ ಬಸ್ಕಿ ತೆಗೆದರೆ ಕಷ್ಟ ಹೆಚ್ಚುತ್ತದೆ, ನಿಜ. ಆದರೆ ಬೆನ್ನಿನ ಎಳೆಯುವ ಸ್ನಾಯುಗಳಿಗೆ ದಂಡ-ಬಸ್ಕಿಯಲ್ಲಿ ಕೆಲಸ ಕಡಿಮೆ. ಜೋತುಬೀಳಲು ಒಂದು ಕಂಬಿಯೋ ಮರದ ಕೊಂಬೆಯೋ ಬೇಕು. ಭಾರದ ಇನ್ನೊಂದು ಗುಣವನ್ನು ನಾವು ಮರೆಯುತ್ತೇವೆ: ಅದನ್ನು ದೇಹಕ್ಕಿಂತ ಹಗುರವಾಗಿಯೂ ಆರಿಸಿಕೊಳ್ಳಬಹುದು. ಒಂದು ದಂಡವನ್ನೂ ಹೊಡೆಯಲಾಗದ ಅಜ್ಜಿಗೆ ಎರಡು ಕಿ.ಗ್ರಾಂ. ಮರಳಿನ ಚೀಲ ಒಳ್ಳೆಯ ಆರಂಭ.

ನಮ್ಮ ಗರಡಿಮನೆಗಳು ಈ ಎರಡನ್ನು ಎಂದೂ ಬೇರ್ಪಡಿಸಲಿಲ್ಲ. ದಂಡ-ಬಸ್ಕಿಯ ಜೊತೆಗೆ ಗದೆ, ಗುಂಡುಕಲ್ಲುಗಳೂ ಇದ್ದವು. ‘ಶಾಂತಲಾ’ ಕಾದಂಬರಿಯಿಂದ ನಮಗೆ ಪರಿಚಿತರಾದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. 1930ರಲ್ಲಿ ‘ಮಸಲ್ ಕಲ್ಟ್’ ಬರೆದ ಅವರೇ 1937ರಲ್ಲಿ ಸೂರ್ಯನಮಸ್ಕಾರದ ಬಗ್ಗೆಯೂ ಪುಸ್ತಕ ಹೊರತಂದರು. ಜಗಳ ಇತ್ತೀಚಿನದು.

ಹಮಾಲರ ಬೆನ್ನು

“ದಿನವಿಡೀ ಚೀಲ ಹೊರುವವನಿಗೆ ವ್ಯಾಯಾಮವೇಕೆ?” ಎಂಬ ಮಾತು ಇನ್ನೂ ಹೆಚ್ಚು ಪರಿಶೀಲನೆಗೆ ಅರ್ಹ. ವ್ಯಾಯಾಮದಲ್ಲಿ ಭಾರವನ್ನು ದೇಹಕ್ಕೆ ಹೊಂದಿಸುತ್ತೇವೆ, ನಡುವೆ ವಿಶ್ರಾಂತಿಯಿದೆ. ದುಡಿಮೆಯಲ್ಲಿ ದೇಹವೇ ಚೀಲಕ್ಕೆ ಹೊಂದಿಕೊಳ್ಳಬೇಕು. ತರಗತಿಯಲ್ಲಿ ಈ ಲೆಕ್ಕ ಮಾಡಿಸಿ: 50 ಕಿ.ಗ್ರಾಂ. ಚೀಲದ ತೂಕ ಸುಮಾರು 490 ನ್ಯೂಟನ್. ಅದು ಬೆನ್ನುಮೂಳೆಯಿಂದ 40 ಸೆಂ.ಮೀ. ಮುಂದಿದ್ದು, ಬೆನ್ನಿನ ಸ್ನಾಯುಗಳು ಮೂಳೆಯ ಹಿಂದೆ 5 ಸೆಂ.ಮೀ. ದೂರದಲ್ಲಿ ಎಳೆಯುತ್ತವೆಂದುಕೊಂಡರೆ, ಸನ್ನೆಯ ನಿಯಮದಂತೆ ಸ್ನಾಯುಗಳು ಒದಗಿಸಬೇಕಾದ ಬಲ 490 × 40 ÷ 5 = 3,920 ನ್ಯೂಟನ್. ಚೀಲವನ್ನು 20 ಸೆಂ.ಮೀ.ಗೆ ತಂದರೆ ಅದು ಅರ್ಧವಾಗುತ್ತದೆ. ಬಾಗಿದ ಮುಂಡದ ತೂಕವನ್ನು ನಾವಿನ್ನೂ ಸೇರಿಸಿಲ್ಲ.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಸೂತ್ರದಲ್ಲಿ, ಎಲ್ಲ ಅನುಕೂಲವಿದ್ದಾಗಲೂ ಎತ್ತಬಹುದಾದ ಮಿತಿ 23 ಕಿ.ಗ್ರಾಂ. ಮಾತ್ರ. 50 ಕಿ.ಗ್ರಾಂ. ಚೀಲ ಅದರ ಇಮ್ಮಡಿಗೂ ಹೆಚ್ಚು. ಆದ್ದರಿಂದ ಕೊಟ್ಟೂರು, ಹರಪನಹಳ್ಳಿ ಮಾರುಕಟ್ಟೆಗಳ ಹಮಾಲರಿಗೆ “ಇನ್ನಷ್ಟು ಬಲಶಾಲಿಗಳಾಗಿ” ಎನ್ನುವುದು ಅರೆಬರೆ ಸಲಹೆ. ಚಿಕ್ಕ ಚೀಲ, ತಳ್ಳುಗಾಡಿ, ಇಬ್ಬರು ಸೇರಿ ಎತ್ತುವ ಪದ್ಧತಿ – ಇವೂ ಆರೋಗ್ಯವಿಜ್ಞಾನವೇ.

ಶಾಲೆ ಮಾಡಬಹುದಾದ್ದು

ಭಾರ ಎತ್ತಿದರೆ ಮಕ್ಕಳು ಕುಳ್ಳಾಗುತ್ತಾರೆಂಬ ನಂಬಿಕೆಗೆ ಆಧಾರವಿಲ್ಲ. ಸರಿಯಾದ ಮೇಲ್ವಿಚಾರಣೆಯಲ್ಲಿ ಮಾಡಿಸಿದ ವ್ಯಾಯಾಮ ಬೆಳವಣಿಗೆಗೆ ಅಡ್ಡಿಯಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲಿ ಹೇಳಿದೆ. ಸ್ನಾಯು, ಮೂಳೆಗಳನ್ನು ಬಲಪಡಿಸುವ ಚಟುವಟಿಕೆ ಮಕ್ಕಳಿಗೆ ವಾರಕ್ಕೆ ಮೂರು ದಿನ, ವಯಸ್ಕರಿಗೆ ಕನಿಷ್ಠ ಎರಡು ದಿನ ಬೇಕೆಂಬುದು ಅದೇ ವರ್ಷದ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದರಲ್ಲಿ ಹುಡುಗರು, ಹುಡುಗಿಯರು ಎಂಬ ಭೇದವಿಲ್ಲ. ಆಟದ ಅವಧಿಯಲ್ಲಿ ಹುಡುಗಿಯರನ್ನು ಬದಿಗೆ ಕೂರಿಸುವುದನ್ನು ಯಾವ ವಿಜ್ಞಾನವೂ ಸಮರ್ಥಿಸದು.

ಅಧ್ಯಾಪಕ ಮಿತ್ರರೇ, ಇದಕ್ಕೆ ಅನುದಾನಕ್ಕಾಗಿ ಕಾಯಬೇಕಿಲ್ಲ. ನೆಲ, ಮೆಟ್ಟಿಲು, ಒಂದು ಗಟ್ಟಿ ಕಂಬಿ, ತೂಗಿ ಗುರುತು ಹಾಕಿದ ಕೆಲವು ಮರಳಿನ ಚೀಲಗಳು ಸಾಕು. ತಳ್ಳುವುದು, ಎಳೆಯುವುದು, ಕೂತು ಏಳುವುದು, ನೆಲದಿಂದ ಎತ್ತಿ ಹೊರುವುದು – ನಾಲ್ಕನ್ನೂ ಮಾಡಿಸಿ, ಪ್ರತಿ ವಾರ ಬರೆದಿಡಿ. ಕಳೆದ ತಿಂಗಳಿಗಿಂತ ಅಂಕಿ ಮೇಲೇರಿದೆಯೇ? ಏರಿದ್ದರೆ ವಿಧಾನ ಸರಿ. ಅದು ಕಬ್ಬಿಣವೋ ಬಸ್ಕಿಯೋ ಎಂಬ ಚರ್ಚೆ ಆಮೇಲೆ.