ಜಗಲಿಯವರೆಗಿನ ಪರಿಚಯ

ಪರದೇಶಕ್ಕೆ ಹೋಗುವವರಿಗೆಂದೇ ಬರೆದ ರೀತಿ ರಿವಾಜಿನ ಪುಸ್ತಕಗಳದ್ದು ಒಂದು ಬೇರೆಯೇ ಜಾತಿ. ಹಿರಿಯರು ಬಂದರೆ ಏನು ಮಾಡಬೇಕು, ಊಟಕ್ಕೆ ಕರೆದರೆ ಯಾವಾಗ ಹೋಗಬೇಕು, ಯಾವ ಮಾತು ಆಡಬಾರದು ಎಂದು ಪಟ್ಟಿ ಮಾಡಿ ಕೊಡುತ್ತವೆ. ಫಿಲಿಪೀನ್ಸ್ ದೇಶದ ಬಗ್ಗೆ ಇಂಥ ಪುಸ್ತಕಗಳು ಬಹಳ ಇವೆ. ನಮ್ಮವರಿಗೂ ಅವುಗಳ ಅಗತ್ಯ ಬಿದ್ದಿದೆ. ಕೊಲ್ಲಿ ದೇಶಗಳ ಆಸ್ಪತ್ರೆಗಳಲ್ಲಿ ಮಂಗಳೂರು, ಉಡುಪಿ ಕಡೆಯ ನಮ್ಮ ನರ್ಸುಗಳೂ ಫಿಲಿಪೀನರೂ ಒಂದೇ ವಾರ್ಡಿನಲ್ಲಿ ದುಡಿಯುತ್ತಾರೆ. ದಾವಾವ್ ನಗರಕ್ಕೆ ಡಾಕ್ಟರಿಕೆ ಓದಲು ನಮ್ಮ ಮಕ್ಕಳು ಹೋಗುತ್ತಾರೆ.

ಈ ಪುಸ್ತಕಗಳಲ್ಲಿ ಹೆಸರಾದದ್ದು ಆಲ್ಫ್ರೆಡೊ ಮತ್ತು ಗ್ರೇಸ್ ರೋಸೆಸ್ ದಂಪತಿಗಳು ಬರೆದ 'ಕಲ್ಚರ್ ಶಾಕ್! ಫಿಲಿಪೀನ್ಸ್'. 1985ರಲ್ಲಿ ಬಂದದ್ದು. ಬರೆದವರು ಆ ದೇಶದವರೇ ಆದ್ದರಿಂದ ಅದರಲ್ಲಿ ಅಸಡ್ಡೆಯಿಲ್ಲ. ಅದರ ನಂತರ ಬಂದ ಎಷ್ಟೋ ಕೈಪಿಡಿಗಳ ಬಗ್ಗೆ ಈ ಮಾತು ಹೇಳಲಾರೆ. ಅವೆಲ್ಲ ಹೇಳುವುದು ಹೆಚ್ಚುಕಡಿಮೆ ಒಂದೇ: ಫಿಲಿಪೀನರು ಮುಖಕ್ಕೆ ಹೊಡೆದಂತೆ 'ಇಲ್ಲ' ಎನ್ನುವುದಿಲ್ಲ, ಅವರ 'ಹೌದು' ನಿಜವಾದ ಹೌದೇ ಆಗಿರಬೇಕಿಲ್ಲ, ನಾಲ್ಕು ಜನರ ಎದುರು ಅವರನ್ನು ಗದರಬೇಡಿ, ಒಮ್ಮೆ ಉಪಕಾರ ಮಾಡಿದರೆ ಮರೆಯುವುದಿಲ್ಲ. ಇದರಲ್ಲಿ ಸುಳ್ಳೇನೂ ಇಲ್ಲ. ನನ್ನ ತಕರಾರು ಬೇರೆ. ಮನೆಯವರು ಬಂದವರನ್ನು ಜಗಲಿಯಲ್ಲಿ ಕೂರಿಸಿ ಉಪಚಾರ ಮಾಡುತ್ತಾರೆ. ಬಂದವರು ಜಗಲಿಯನ್ನೇ ಮನೆಯೆಂದು ತಿಳಿದು ಅದರ ಅಳತೆ ಬರೆದುಕೊಂಡು ಹೋಗುತ್ತಾರೆ.

ಈ ಅಳತೆಯನ್ನು ವಿದ್ವಾಂಸರ ಭಾಷೆಯಲ್ಲಿ ಮೊದಲು ಹಾಕಿಕೊಟ್ಟವರು ಫ್ರಾಂಕ್ ಲಿಂಚ್ ಎಂಬ ಅಮೆರಿಕದ ಪಾದ್ರಿ. ಮಾನವಶಾಸ್ತ್ರ ಓದಿದವರು, ಆ ದೇಶವನ್ನು ಪ್ರೀತಿಸಿದವರು. 1960ರ ದಶಕದ ಆರಂಭದಲ್ಲಿ ಅವರು, ಒರಟಿಲ್ಲದ ನಯವಾದ ಸಂಬಂಧವೇ ಫಿಲಿಪೀನರ ಮುಖ್ಯ ಮೌಲ್ಯ ಎಂದರು. ಅದಕ್ಕೆ 'ಪಾಕಿಕಿಸಾಮಾ', ಅಂದರೆ ನಾಲ್ವರೊಡನೆ ಹೊಂದಿಕೊಂಡು ಹೋಗುವ ಗುಣ, ಆಧಾರ ಎಂದರು. ಕೈಪಿಡಿಗಳು ಇಂದಿಗೂ ಇದನ್ನೇ ಉರುಹೊಡೆಯುತ್ತಿವೆ.

ಇದನ್ನು ಗಟ್ಟಿಯಾಗಿ ಪ್ರಶ್ನಿಸಿದವರು ವಿರ್ಹೀಲಿಯೊ ಎನ್ರಿಕೆಸ್. ಅಮೆರಿಕದಲ್ಲಿ ಮನಶ್ಶಾಸ್ತ್ರ ಓದಿ ಬಂದು, ಓದಿದ್ದನ್ನು ತಮ್ಮ ಜನರ ಮಾತಿನ ಎದುರು ಇಟ್ಟು ನೋಡಿದವರು. 1975ರಲ್ಲಿ ಫಿಲಿಪೀನ ಮನಶ್ಶಾಸ್ತ್ರಕ್ಕೆಂದೇ ಒಂದು ಸಂಘ ಕಟ್ಟಿದರು. ತಗಾಲೋಗ್ ಭಾಷೆಯಲ್ಲಿ ಜನ ಜನರೊಡನೆ ವ್ಯವಹರಿಸುವುದಕ್ಕೆ ಒಂದಲ್ಲ, ಎಂಟು ಮೆಟ್ಟಿಲುಗಳ ಹೆಸರಿವೆ ಎಂದು ತೋರಿಸಿದರು. ಬರಿಯ ಮರ್ಯಾದೆಯ 'ಪಾಕಿಕಿತುಂಗೊ' ಕೆಳಗಿನದು, ಒಂದೇ ಜೀವವಾಗುವ 'ಪಾಕಿಕಿಇಸಾ' ಮೇಲಿನದು. ಲಿಂಚ್ ಅವರ ಪಾಕಿಕಿಸಾಮಾ ನಡುವಿನ ಒಂದು ಮೆಟ್ಟಿಲು, ಅಷ್ಟೆ. ಕೆಳಗಿನ ಮೆಟ್ಟಿಲುಗಳು 'ಇಬಾಂಗ್ ತಾವೊ', ಅಂದರೆ ಹೊರಗಿನವರಿಗೆ. ಮೇಲಿನವು ನಮ್ಮವರೆನಿಸಿದವರಿಗೆ. ಎಲ್ಲದರ ಬುಡದಲ್ಲಿರುವ ಮಾತು 'ಕಪ್ವಾ': ಎದುರಿಗಿರುವ ಇನ್ನೊಬ್ಬರೂ ನನ್ನಂಥವರೇ, ನನ್ನಿಂದ ಬೇರೆಯಲ್ಲ ಎಂಬ ಅರಿವು.

ಹೊರಗಿನವರೆಂಬುದೇ ಆ ಜನರ ಶಿಷ್ಟಾಚಾರದಲ್ಲಿ ಒಂದು ಹೆಸರಿರುವ ಸ್ಥಾನ ಎಂದಾಯಿತು. ಅಲ್ಲಿ ನಿಂತು ಬರೆದವರಿಗೆ ಆ ಸ್ಥಾನಕ್ಕೆ ತಕ್ಕ ಮರ್ಯಾದೆ ಮಾತ್ರ ಕಂಡಿತು. ನಯವಾದ ಮಾತನ್ನು ಕೇಳಿಸಿಕೊಂಡು, ಈ ಜನಕ್ಕೆ ನೇರವಾಗಿ ಮಾತಾಡಲು ಬರುವುದಿಲ್ಲ ಎಂದು ತೀರ್ಪು ಕೊಟ್ಟರು. ಒಳಮನೆಯಲ್ಲಿ ಅವರು ಹೇಗೆ ಜಗಳವಾಡುತ್ತಾರೆಂದು ಕೇಳಿಸಿಕೊಂಡವರು ಎಷ್ಟು ಮಂದಿ?

ಭಾಷಾಂತರದಲ್ಲಿ ಆಗುವ ಅನ್ಯಾಯವೂ ಇದೇ ಬಗೆಯದು. 'ಹಿಯಾ' ಎಂಬ ಮಾತನ್ನು ಇಂಗ್ಲಿಷಿನಲ್ಲಿ 'ಶೇಮ್' ಎಂದು ಬರೆದುಬಿಟ್ಟರು. ಫಿಲಿಪೀನರೆಂದರೆ ಸದಾ ನಾಚಿಕೆಯಲ್ಲಿ ಮುದುಡಿಕೊಂಡಿರುವ ಜನ ಎನ್ನಿಸುವುದಿಲ್ಲವೆ? ಆದರೆ ಆ ಭಾಷೆಯಲ್ಲಿ ಹಿಂದೆ ಮುಂದೆ ಪ್ರತ್ಯಯ ಸೇರಿದಂತೆ ಆ ಮಾತಿನ ಅರ್ಥವೇ ಬದಲಾಗುತ್ತದೆ. 'ಮಹಿಯಾಯಿನ್' ಎಂದರೆ ಸಂಕೋಚದ ಸ್ವಭಾವದವರು, 'ಕಹಿಹಿಯಾನ್' ಎಂದರೆ ಮಾನಹಾನಿ, 'ವಾಲಾಂಗ್ ಹಿಯಾ' ಎಂದರೆ ಮಾನಗೆಟ್ಟವರು, ದೊಡ್ಡ ಬೈಗುಳ. ನಮ್ಮ 'ದಾಕ್ಷಿಣ್ಯ', 'ಸಂಕೋಚ', 'ಮಾನ' ಮೂರನ್ನೂ ಕೂಡಿಸಿದರೆ ಹಿಯಾದ ಹತ್ತಿರ ಹೋಗಬಹುದು. ಕನ್ನಡದ ಹೆಣ್ಣುಮಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ಉತಾಂಗ್ ನ ಲೋಒಬ್' ಎಂಬುದೂ ಹಾಗೆಯೇ. ಉತಾಂಗ್ ಎಂದರೆ ಸಾಲ, ಲೋಒಬ್ ಎಂದರೆ ಒಳಗು, ಅಂತರಂಗ. ಒಳಗಿನ ಸಾಲ. ಉಪಕಾರ ಮಾಡಿದವರಿಗೆ ಜೀವಮಾನವೆಲ್ಲ ಗುಲಾಮರಾಗುವ ಪದ್ಧತಿ ಎಂಬಂತೆ ಕೈಪಿಡಿಗಳು ಇದನ್ನು ವಿವರಿಸುತ್ತವೆ. ನಮ್ಮಲ್ಲಿ 'ಹಂಗು' ಬೇರೆ, 'ಋಣ' ಬೇರೆ. ಕೊಟ್ಟವರು ಎತ್ತಿ ಆಡುವುದು ಹಂಗು. ಪಡೆದವರು ತಾವಾಗಿ ನೆನೆಯುವುದು ಋಣ. ಎನ್ರಿಕೆಸ್ ಹೇಳಲು ಹೊರಟದ್ದು ಋಣದ ವಿಷಯ, ಇಂಗ್ಲಿಷಿನಲ್ಲಿ ಓದಿದವರಿಗೆ ತಲುಪಿದ್ದು ಹಂಗು. ಆದರೆ ಆ ದೇಶದ ರಾಜಕಾರಣಿಗಳು ಋಣದ ಹೆಸರಿನಲ್ಲಿ ಹಂಗನ್ನೇ ಹೇರಿ ಮತ ಕೇಳುತ್ತಾರೆಂಬುದೂ ಸುಳ್ಳಲ್ಲ.

ಇಲ್ಲಿ ಒಂದು ತಾಮ್ರಪಟದ ಸಂಗತಿ ಹೇಳಬೇಕು. 1989ರಲ್ಲಿ ಲಗೂನಾ ಪ್ರಾಂತದಲ್ಲಿ ಸಿಕ್ಕ ಈ ಪಟ ಆ ದೇಶದಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ಬರಹ. ಅದರ ಕಾಲ ನಮ್ಮ ಶಾಸನಗಳಂತೆ ಶಕವರ್ಷದಲ್ಲೇ ಇದೆ: ಶಕ 822, ವೈಶಾಖ ಮಾಸ, ಕೃಷ್ಣಪಕ್ಷದ ಚೌತಿ, ಸೋಮವಾರ. ಅಂದರೆ ಕ್ರಿ.ಶ. 900. ವಿಷಯವೇನು? ನಾಮ್ವರನ್ ಎಂಬಾತನ ಚಿನ್ನದ ಸಾಲ ತೀರಿತೆಂದು ಅವನ ಮಗಳು ಅಂಗ್ಕತನ್ ಮತ್ತು ಮಗ ಬುಕಾ ಇವರಿಗೆ ಕೊಟ್ಟ ಋಣಮುಕ್ತಿ ಪತ್ರ. ಮಗಳ ಹೆಸರೂ ಅದರಲ್ಲಿದೆ ಎಂಬುದನ್ನು ಗಮನಿಸಿ.

'ತಾಂಪೊ' ಎಂಬ ಇನ್ನೊಂದು ಮಾತಿದೆ. ಕೈಪಿಡಿಗಳಲ್ಲಿ ಇದು ಮಕ್ಕಳಾಟದ ಸಿಟ್ಟು. ನಮ್ಮಲ್ಲಿ ಇದಕ್ಕೆ ಅಚ್ಚ ಕನ್ನಡದ ಹೆಸರೇ ಇದೆ: ಮುನಿಸು. ಸಿಟ್ಟನ್ನು ಯಾರ ಮೇಲಾದರೂ ಮಾಡಿಕೊಳ್ಳಬಹುದು, ಮುನಿಸಿಕೊಳ್ಳುವುದು ಮಾತ್ರ ಬೇಕಾದವರ ಮೇಲೆ. ನನ್ನ ಅಕ್ಕನ ಮಗಳು ಕುವೈತಿನಲ್ಲಿ ನರ್ಸು. ಅವಳ ಕೋಣೆಯಲ್ಲಿದ್ದ ಫಿಲಿಪೀನ ಹುಡುಗಿ ಒಮ್ಮೆ ಮೂರು ದಿನ ಮಾತು ಬಿಟ್ಟಳಂತೆ. ಏನಾಯಿತು ಎಂದು ಕೇಳಿದಷ್ಟೂ 'ಏನಿಲ್ಲ' ಎಂಬ ಉತ್ತರ. ಕೊನೆಗೆ ಅವರದೇ ದೇಶದ ಹಿರಿಯ ನರ್ಸೊಬ್ಬರು, "ಕೇಳಬೇಡ, ಕಾಫಿ ಮಾಡಿಕೊಟ್ಟು ಪಕ್ಕದಲ್ಲಿ ಕೂತುಕೋ" ಎಂದರಂತೆ. ಅಷ್ಟೇ ಸಾಕಾಯಿತು. ಆ ಹಿರಿಯಳನ್ನು ಎಲ್ಲರೂ 'ಆತೆ' ಎಂದು ಕರೆಯುತ್ತಿದ್ದರಂತೆ. ನಮ್ಮ ಹುಡುಗಿಗೆ ಮೊದಮೊದಲು ಅದು 'ಅತ್ತೆ' ಎಂದೇ ಕೇಳಿಸಿ ನಗು ಬರುತ್ತಿತ್ತು. ಆತೆ ಎಂದರೆ ಅಕ್ಕ.

ಈ ಕಿವಿಯ ಮೋಸವನ್ನು ಬೇಕೆಂದೇ ಹೇಳಿದೆ. ಪಶ್ಚಿಮದವರಿಗೆ ಫಿಲಿಪೀನರು ವಿಚಿತ್ರವಾಗಿ ಕಂಡರೆ, ನಮಗೆ ಅವರು ಥೇಟ್ ನಮ್ಮಂತೆಯೇ ಕಾಣುವ ಅಪಾಯವಿದೆ. ಶಿಕ್ಷಕರಿಗೆ ಅವರಲ್ಲಿ 'ಗುರೋ', ಮುಖಕ್ಕೆ 'ಮುಖಾ'. ಕಿರಿಯರು ಹಿರಿಯರ ಕೈ ಹಿಡಿದು ತಮ್ಮ ಹಣೆಗೆ ಮುಟ್ಟಿಸಿಕೊಂಡು 'ಮಾನೊ ಪೊ' ಎನ್ನುತ್ತಾರೆ. ಉಣ್ಣುತ್ತಿರುವಾಗ ಯಾರೇ ಬಂದರೂ 'ಕಾಯಿನ್ ತಾಯೋ', ಬನ್ನಿ ಊಟ ಮಾಡೋಣ ಎನ್ನದೆ ತುತ್ತು ಬಾಯಿಗಿಡುವುದಿಲ್ಲ. ಇಷ್ಟಕ್ಕೇ ನಮಗೆ ಎಲ್ಲ ಗೊತ್ತಾಯಿತು ಎನ್ನಿಸುತ್ತದೆ. ಆದರೆ ನೋಡಿ, ಹೊರಟವರನ್ನು ನಮ್ಮ ಕಡೆ 'ಎಲ್ಲಿಗೆ' ಎಂದು ಕೇಳಬಾರದು, ಅಪಶಕುನ. 'ದೂರ ಹೊರಟಿರೇನು' ಎನ್ನಬೇಕು. ಅವರಲ್ಲಿ 'ಎಲ್ಲಿಗೆ ಹೊರಟೆ' ಎಂಬುದೇ ಕುಶಲಪ್ರಶ್ನೆ, 'ಇಲ್ಲೇ' ಎಂಬುದೇ ಸಾಕಾದ ಉತ್ತರ.

ಮದುವೆಯ ಮಾತಿಗೆ ಬಂದರೆ ಅಂತರ ಇನ್ನೂ ದೊಡ್ಡದು. 'ಪಮಮನ್ಹಿಕಾನ್' ಎಂಬ ಶಾಸ್ತ್ರದಲ್ಲಿ ಗಂಡಿನ ತಂದೆತಾಯಿ ತಿಂಡಿತಿನಿಸು ಹೊತ್ತು ಹೆಣ್ಣಿನ ಮನೆಗೆ ಹೋಗಿ ಹೆಣ್ಣನ್ನು ಕೊಡಿರೆಂದು ಬೇಡುತ್ತಾರೆ. ಮನೆಯ ಮೆಟ್ಟಿಲು ಹತ್ತುವುದು ಎಂಬ ಅರ್ಥದ ಮಾತಿನಿಂದ ಬಂದ ಹೆಸರು ಅದು. ವಾಡಿಕೆಯಂತೆ ಮದುವೆಯ ಖರ್ಚೂ ಗಂಡಿನ ಕಡೆಯದೇ. ವರದಕ್ಷಿಣೆಗಾಗಿ ಹೆಣ್ಣಿನ ತಂದೆ ಗದ್ದೆ ಮಾರಿದ್ದನ್ನು ಕಂಡ ನಮಗೆ, 'ಅವರೂ ನಮ್ಮಂತೆಯೇ' ಎಂದು ಹೇಳುವ ಬಾಯಿ ಎಲ್ಲಿದೆ?

ಎನ್ರಿಕೆಸ್ ಅವರನ್ನು ಇಷ್ಟು ಮೆಚ್ಚಿದರೂ ನನ್ನದೊಂದು ಅತೃಪ್ತಿ ಉಳಿಯುತ್ತದೆ. ಒಳಮನೆಯಲ್ಲಿ ಕಪ್ವಾ ಇದೆ ಎಂದರು, ಒಪ್ಪಿದೆ. ಆ ಒಳಮನೆಯಲ್ಲಿ ಹೊಂದಿಕೊಳ್ಳುವ ಕೆಲಸ ಯಾರ ಪಾಲಿಗೆ ಬರುತ್ತದೆ? 1974ರಲ್ಲಿ ಮಾರ್ಕೋಸ್ ಸರ್ಕಾರ ಜನರನ್ನು ಹೊರದೇಶಕ್ಕೆ ದುಡಿಯಲು ಕಳಿಸುವುದನ್ನು ಕಾಯಿದೆಯ ಮೂಲಕ ತನ್ನದೇ ಕಾರ್ಯಕ್ರಮ ಮಾಡಿಕೊಂಡಿತು. ಕಾಲ ಕಳೆದಂತೆ ಹಾಗೆ ಹೋದವರಲ್ಲಿ ಹೆಂಗಸರೇ ಬಹಳವಾದರು: ದಾದಿಯರು, ಮನೆಗೆಲಸದವರು. ಅವರ ನಗುಮುಖ, ತಾಳ್ಮೆ, ಎದುರುತ್ತರ ಕೊಡದ ನಯ, ಇವು ಹುಟ್ಟುಗುಣವೆಂದು ಹೇಳಿ ಕೆಲಸಕ್ಕೆ ಇಟ್ಟುಕೊಂಡರು. ಹುಟ್ಟುಗುಣವೆಂದರೆ ಅದಕ್ಕೆ ಬೇರೆ ಸಂಬಳ ಕೊಡಬೇಕಾಗಿಲ್ಲವಲ್ಲ!

ಅದು ಹುಟ್ಟುಗುಣವಲ್ಲ, ಕಲಿಸಿದ ಪಾಠ ಎಂಬುದಕ್ಕೆ ಪಠ್ಯಪುಸ್ತಕವೇ ಇದೆ. 1864ರಲ್ಲಿ ಮೊದೆಸ್ತೊ ದೆ ಕಾಸ್ತ್ರೊ ಎಂಬ ಪಾದ್ರಿ ತಗಾಲೋಗ್ ಭಾಷೆಯಲ್ಲಿ ಊರ್ಬಾನಾ ಮತ್ತು ಫೆಲೀಸಾ ಎಂಬ ಅಕ್ಕತಂಗಿಯರ ಪತ್ರಗಳ ರೂಪದಲ್ಲಿ ಒಂದು ಪುಸ್ತಕ ಬರೆದರು. ಮನಿಲಾದಲ್ಲಿ ಓದುವ ಅಕ್ಕ, ಬುಲಕಾನ್ ಪ್ರಾಂತದ ಪಾವೊಂಬೊಂಗ್ ಊರಿನಲ್ಲಿರುವ ತಂಗಿಗೆ ಇಗರ್ಜಿಯಲ್ಲಿ, ಊಟದ ಮೇಜಿನಲ್ಲಿ, ಗಂಡಸರ ಎದುರಿನಲ್ಲಿ ಹೇಗಿರಬೇಕೆಂದು ಬರೆಯುತ್ತಾಳೆ. ಪತ್ರಗಳು ಮುದ್ದಾಗಿವೆ. ಆದರೆ ಅಕ್ಕನ ಕೈಯಲ್ಲಿ ಬರೆಸಿದವರು ಸ್ಪೇನಿನ ಕಾಲದ ಒಬ್ಬ ಗುರುಗಳು. ಈ ಪುಸ್ತಕ ತಲೆಮಾರುಗಳ ಕಾಲ ಮನೆಮನೆಯಲ್ಲಿತ್ತು. ಶಿಷ್ಟಾಚಾರವನ್ನು ಜನರ ಸ್ವಭಾವವೆಂದು ಬರೆಯುವವರು, ಹೊರಗಿನವರಾಗಲಿ ಒಳಗಿನವರಾಗಲಿ, ಮೊದಲು ಇದನ್ನು ಓದಬೇಕು.

ಫೆಲೀಸಾಳ ಪಾವೊಂಬೊಂಗಿಗೆ ತಾಗಿಕೊಂಡೇ ಮಲೋಲೊಸ್ ಊರಿದೆ. 1888ರ ಡಿಸೆಂಬರ್ 12ರಂದು ಆ ಊರಿನ 20 ಮಂದಿ ಹೆಣ್ಣುಮಕ್ಕಳು ಸ್ಪೇನಿನ ಗವರ್ನರ್ ಜನರಲ್ ವೇಯ್ಲರ್ ಊರಿಗೆ ಬಂದಾಗ ಎದುರಿಗೆ ಹೋಗಿ ಒಂದು ಮನವಿಪತ್ರ ಕೊಟ್ಟರು. ತಮಗೆ ಸ್ಪ್ಯಾನಿಷ್ ಭಾಷೆ ಕಲಿಯಲು ರಾತ್ರಿ ಶಾಲೆ ಬೇಕು ಎಂಬುದು ಬೇಡಿಕೆ. ಊರಿನ ಪಾದ್ರಿ ಬೇಡವೆಂದರು, ಅನುಮತಿ ಸಿಗಲಿಲ್ಲ. ಹುಡುಗಿಯರು ಬಿಡಲಿಲ್ಲ, ಕೇಳುತ್ತಲೇ ಹೋದರು. ಯುರೋಪಿನಲ್ಲಿದ್ದ ಹೊಸೆ ರಿಸಾಲ್ 1889ರ ಫೆಬ್ರವರಿಯಲ್ಲಿ ಅವರನ್ನು ಮೆಚ್ಚಿ ತಗಾಲೋಗಿನಲ್ಲೇ ಉದ್ದದ ಕಾಗದ ಬರೆದರು. ಖರ್ಚು ತಾವೇ ಹಾಕಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆ ವರ್ಷ ಶಾಲೆ ತೆರೆಯಿತು, ಕೆಲವು ತಿಂಗಳು ನಡೆಯಿತು.