ಸ್ಪರ್ಧಾ ಕಾರ್ಯಕ್ರಮಗಳ ಮಟ್ಟುಗಳು: ಕರ್ತೃತ್ವ ವಿಚಾರ

ಕೃತಿಯೊಂದು ಜನರ ಬಾಯಲ್ಲಿ ನೆಲೆನಿಂತಷ್ಟೂ ಅದನ್ನು ರಚಿಸಿದವನ ಹೆಸರು ಮರೆಯಾಗುತ್ತ ಹೋಗುವುದು ಸಾಹಿತ್ಯ ಚರಿತ್ರೆಯಲ್ಲಿ ಹೊಸದೇನೂ ಅಲ್ಲ. ಬೀಸುವ ಕಲ್ಲಿನ ಪದಗಳಿಗೆ ಕರ್ತೃ ಯಾರೆಂದು ಯಾರೂ ಕೇಳುವುದಿಲ್ಲ. ಆದರೆ ಹಕ್ಕುಸಾಮ್ಯದ ಕಾನೂನು ಬಲವಾಗಿದ್ದ, ಪ್ರತಿಯೊಂದು ಪ್ರಸಾರಕ್ಕೂ ರಾಯಧನ ಸಲ್ಲುತ್ತಿದ್ದ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೂ ಹೀಗಾಯಿತೆಂಬುದು ವಿಚಾರಾರ್ಹವಾದ ಸಂಗತಿ. ಅಮೆರಿಕ ಮತ್ತು ಇಂಗ್ಲೆಂಡುಗಳ ಟೆಲಿವಿಷನ್ನಿನಲ್ಲಿ ಪ್ರಸಾರವಾದ ಸ್ಪರ್ಧಾ ಕಾರ್ಯಕ್ರಮಗಳ ಮಟ್ಟುಗಳನ್ನು ಕೋಟ್ಯಂತರ ಜನ ಕೇಳಿದರು. ಅವುಗಳ ಕರ್ತೃಗಳನ್ನು ಬಲ್ಲವರು ಕೆಲವರೇ.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಇದು ವಿಮರ್ಶೆಗೆ ಅರ್ಹವಾದ ಸಂಗೀತವೇ ಅಲ್ಲ, ಸಾಮಾನು ಮಾರುವವರು ಹೊಡೆಸುವ ಡಂಗುರವಷ್ಟೆ ಎಂಬುದು ಒಂದು. ಪ್ರತಿಯೊಂದು ಮಟ್ಟಿನ ಹಿಂದೆಯೂ ಒಬ್ಬನೇ ಪ್ರತಿಭಾವಂತನಿದ್ದಾನೆ, ಅವನ ಹೆಸರನ್ನು ಪತ್ತೆಮಾಡಿದರೆ ಕೆಲಸ ಮುಗಿಯಿತು ಎಂಬ ಅಭಿಮಾನಿಗಳ ಪಕ್ಷ ಇನ್ನೊಂದು. ಮೊದಲನೆಯದು ಕೇಳದೆಯೇ ತೀರ್ಪು ಕೊಡುತ್ತದೆ. ಎರಡನೆಯದು ಹೆಸರು ಸಿಕ್ಕಿದೊಡನೆ ಕೇಳುವುದನ್ನು ನಿಲ್ಲಿಸುತ್ತದೆ. ಇವುಗಳಿಗಿಂತ ನಮ್ಮ ಶಾಸನಗಳ ಪದ್ಧತಿ ಹೆಚ್ಚು ವಿವೇಕದ್ದು. ಅಲ್ಲಿ ಮಾಡಿಸಿದವನು ಬೇರೆ, ರಚಿಸಿದ ಕವಿ ಬೇರೆ, ಕಲ್ಲಿನಲ್ಲಿ ಕಂಡರಿಸಿದ ರೂವಾರಿ ಬೇರೆ. ಎಷ್ಟೋ ಶಾಸನಗಳಲ್ಲಿ ಮೂವರ ಹೆಸರೂ ಉಳಿದುಬಂದಿವೆ. ಈ ಮಟ್ಟುಗಳನ್ನೂ ಹಾಗೆಯೇ ವಿಂಗಡಿಸಿ ನೋಡಿದರೆ ಅವುಗಳ ಉಗಮವೂ ಗುಣವೂ ಸ್ಪಷ್ಟವಾಗುವುವು.

ಮೊದಲು ಎರವಲು ತಂದ ಮಟ್ಟುಗಳನ್ನು ನೋಡೋಣ. ೧೯೫೨ರಲ್ಲಿ ಆರಂಭವಾದ 'ಐವ್ ಗಾಟ್ ಎ ಸೀಕ್ರೆಟ್' ಎಂಬ ಕಾರ್ಯಕ್ರಮಕ್ಕೆ ಲೆರಾಯ್ ಆಂಡರ್ಸನ್ನನು ೧೯೫೧ರಲ್ಲಿ ರಚಿಸಿದ 'ಪ್ಲಿಂಕ್, ಪ್ಲ್ಯಾಂಕ್, ಪ್ಲಂಕ್' ಎಂಬ ಕೃತಿಯನ್ನು ಆರಿಸಿದರು. ಕಮಾನನ್ನು ಬದಿಗಿಟ್ಟು ತಂತಿಗಳನ್ನು ಬೆರಳಿನಿಂದ ಮೀಟಿಯೇ ನುಡಿಸುವ ಕೃತಿಯದು. ಸ್ಪರ್ಧಿಯು ತನ್ನ ಗುಟ್ಟನ್ನು ನಿರೂಪಕನ ಕಿವಿಯಲ್ಲಿ ಉಸುರುವ ಆಟಕ್ಕೆ ಈ ತುದಿಗಾಲಿನ ನಡೆ ಎಷ್ಟು ಒಪ್ಪಿತೆಂದರೆ, ಅದಕ್ಕೆಂದೇ ರಚಿಸಿದರೆಂದು ತೋರುತ್ತದೆ. ೧೯೬೨ರ ಡಿಸೆಂಬರ್ ೩೧ರಂದು ಆರಂಭವಾದ 'ಮ್ಯಾಚ್ ಗೇಮ್' ಬರ್ಟ್ ಕೆಂಪ್‌ಫರ್ಟನ 'ಎ ಸ್ವಿಂಗಿನ್ ಸಫಾರಿ'ಯನ್ನು ತೆಗೆದುಕೊಂಡಿತು. ದಕ್ಷಿಣ ಆಫ್ರಿಕದ ಬೀದಿಗಳ ಕೊಳಲಿನ ಸಂಗೀತದಿಂದ ಸ್ಫೂರ್ತಿ ಪಡೆದ ಈ ಮಟ್ಟಿಗೂ ಪದಗಳನ್ನು ಹೊಂದಿಸುವ ಆಟಕ್ಕೂ ಸಂಬಂಧವೇ ಇಲ್ಲ. ಆದರೂ ದಿನದಿನವೂ ಕೇಳಿದವರಿಗೆ ಅದರಿಂದ ಆ ಆಟವೇ ನೆನಪಾಗತೊಡಗಿತು. ಒಂದರಲ್ಲಿ ಒಳಗಿನ ಸಾದೃಶ್ಯ ಅರ್ಥವನ್ನು ಕೊಟ್ಟರೆ, ಇನ್ನೊಂದರಲ್ಲಿ ರೂಢಿಯೇ ಕೊಟ್ಟಿತು.

ಎರವಲಿನಲ್ಲಿ ಕರ್ತೃವಿನ ಹೆಸರು ಹೇಗೆ ಮಸಕಾಗುವುದೆಂಬುದಕ್ಕೆ ೧೯೬೫ರ 'ಡೇಟಿಂಗ್ ಗೇಮ್' ಒಳ್ಳೆಯ ನಿದರ್ಶನ. ಅದರಲ್ಲಿ ಬಳಸಿದ 'ಸ್ಪ್ಯಾನಿಷ್ ಫ್ಲೀ' ಹರ್ಬ್ ಆಲ್ಪರ್ಟನದೆಂದೇ ಪ್ರಸಿದ್ಧಿ. ರಚಿಸಿದವನು ಜೂಲಿಯಸ್ ವೆಕ್ಟರ್. ಅದೇ ಕಾರ್ಯಕ್ರಮದಲ್ಲಿ ಕೇಳಿಬರುತ್ತಿದ್ದ 'ವಿಪ್ಡ್ ಕ್ರೀಮ್' ಎಂಬುದಕ್ಕೆ ನವೊಮಿ ನೆವಿಲ್ ಎಂಬ ಕರ್ತೃನಾಮವಿದೆ. ಅದು ನ್ಯೂ ಆರ್ಲಿಯನ್ಸಿನ ಅಲೆನ್ ಟೂಸಾಂಟನು ತನ್ನ ತಾಯಿಯ ತವರಿನ ಹೆಸರನ್ನು ಕಾವ್ಯನಾಮವಾಗಿ ಇಟ್ಟುಕೊಂಡದ್ದು. ಅಂಕಿತ ಒಬ್ಬರದು, ರಚನೆ ಇನ್ನೊಬ್ಬರದು, ಖ್ಯಾತಿ ನುಡಿಸಿದ ಮೂರನೆಯವರದು. ಹಳಗನ್ನಡದ ಕರ್ತೃತ್ವ ವಿವಾದಗಳಲ್ಲಿ ಬೆಳೆದ ನಮ್ಮ ವಾಚಕರಿಗೆ ಈ ಸ್ಥಿತಿ ಅಪರಿಚಿತವೆನಿಸಲಾರದು.

ಎರಡನೆಯ ಬಗೆ ಸಂಗೀತ ಭಂಡಾರಗಳಿಂದ ತೆಗೆದುಕೊಂಡುದು. ಎಲ್ಲಿ, ಯಾವುದಕ್ಕೆ ಬಳಕೆಯಾಗುವುದೆಂದು ತಿಳಿಯದೆಯೇ ರಚನಕಾರರು ಬರೆದುಕೊಟ್ಟ ಧ್ವನಿಮುದ್ರಿಕೆಗಳ ಸಂಗ್ರಹಗಳಿವು. ಬಿ.ಬಿ.ಸಿ.ಯು ೧೯೭೨ರಲ್ಲಿ ಆರಂಭಿಸಿದ 'ಮಾಸ್ಟರ್‌ಮೈಂಡ್' ಇಂತಹ ಭಂಡಾರದಿಂದ ನೀಲ್ ರಿಚರ್ಡ್‌ಸನ್ನನ 'ಅಪ್ರೋಚಿಂಗ್ ಮೆನೇಸ್' ಎಂಬುದನ್ನು ಆರಿಸಿತು. ಹೆಸರಿನ ಅರ್ಥವೇ ಸಮೀಪಿಸುತ್ತಿರುವ ಭೀತಿ. ಈ ಕಾರ್ಯಕ್ರಮವನ್ನು ಕಲ್ಪಿಸಿದ ಬಿಲ್ ರೈಟ್ ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಗೆಸ್ಟಾಪೊ ವಿಚಾರಣೆಯನ್ನು ಅನುಭವಿಸಿದವನು. ಕತ್ತಲೆಯ ನಡುವೆ ಬೆಳಕು ಬೀಳುವ ಒಂಟಿ ಕುರ್ಚಿ ಆ ಅನುಭವದಿಂದಲೇ ಬಂದುದು. ರಿಚರ್ಡ್‌ಸನ್ ಭಯವನ್ನು ರಚಿಸಿದನು; ಭಯಕ್ಕೆ ಆಲಂಬನವನ್ನು ಒದಗಿಸಿದವರು ಬೇರೆಯವರು. ಸ್ಥಾಯಿಯೊಂದೇ ಇದ್ದರೆ ರಸವಾಗುವುದಿಲ್ಲ, ವಿಭಾವವೂ ಕೂಡಬೇಕೆಂಬ ನಮ್ಮ ಲಾಕ್ಷಣಿಕರ ಮಾತಿಗೆ ಇದಕ್ಕಿಂತ ಸರಳವಾದ ಉದಾಹರಣೆ ಸಿಕ್ಕುವುದು ಕಷ್ಟ.

ಮೂರನೆಯ ಬಗೆ ಕೇಳಿ ಬರೆಸಿಕೊಂಡುದು. ಗುಡ್‌ಸನ್ ಮತ್ತು ಟಾಡ್‌ಮನ್ ಎಂಬ ನಿರ್ಮಾಪಕರು ಬಾಬ್ ಇಸ್ರೇಲನ 'ಸ್ಕೋರ್ ಪ್ರೊಡಕ್ಷನ್ಸ್' ಸಂಸ್ಥೆಯಿಂದ ಅನೇಕ ಮಟ್ಟುಗಳನ್ನು ಪಡೆದರು. ೧೯೭೨ರ ಸೆಪ್ಟೆಂಬರ್ ೪ರಂದು ಸಿ.ಬಿ.ಎಸ್.ನಲ್ಲಿ ಆರಂಭವಾದ 'ದಿ ಪ್ರೈಸ್ ಈಸ್ ರೈಟ್'ಗೆ ಎಡ್ ಕೇಲ್‌ಹಾಫ್ ರಚಿಸಿದ ಮಟ್ಟು ಇವುಗಳಲ್ಲಿ ಪ್ರಸಿದ್ಧವಾದುದು. ಕೇಲ್‌ಹಾಫ್ ಮೂಗ್ ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯದಲ್ಲಿ ನಿಪುಣ. ಅದೇ ದಿನ, ಅದೇ ಸಂಸ್ಥೆಯಲ್ಲಿ ಆರಂಭವಾದ 'ದಿ ಜೋಕರ್ಸ್ ವೈಲ್ಡ್'ಗೆ ಪೆರಿ ಮತ್ತು ಕಿಂಗ್ಸ್‌ಲಿ ಜೋಡಿಯ 'ದಿ ಸೇವರ್ಸ್' ಎಂಬ ವಿದ್ಯುನ್ಮಾನ ಕೃತಿಯನ್ನೇ ಆರಿಸಿದ್ದರು. ಹೊಸ ವಾದ್ಯದ ಧ್ವನಿ ಒಂದೇ ಬೆಳಗಿನಲ್ಲಿ ಎರಡು ದಾರಿಯಿಂದ ಮನೆಗಳನ್ನು ಹೊಕ್ಕಿತು. ಜೂಜಿನ ಯಂತ್ರದ ಆಟಕ್ಕೆ ಯಂತ್ರದ ಧ್ವನಿ ಒಪ್ಪುವುದು ಸಹಜ. ಕೇಲ್‌ಹಾಫನ ಸಾಧನೆ ಇದಕ್ಕಿಂತ ಸೂಕ್ಷ್ಮವಾದುದು: ಅವನು ಆ ಧ್ವನಿಯನ್ನು ಹಿತ್ತಾಳೆ ವಾದ್ಯಗಳೊಡನೆ ಬೆರೆಸಿ, ಸಭೆಯಿಂದ ಎದ್ದು ಓಡಿಬರುವ ಜನರ ಸಂಭ್ರಮಕ್ಕೆ ತಕ್ಕ ವೇಗವನ್ನು ಕೊಟ್ಟನು. ೧೯೭೬ರ 'ಫ್ಯಾಮಿಲಿ ಫ್ಯೂಡ್'ಗೆ ಬರೆದ ವಾಲ್ಟ್ ಲೆವಿನ್ಸ್ಕಿ ಜಾಝ್ ವೃಂದಗಳಲ್ಲಿ ಕ್ಲಾರಿನೆಟ್ ನುಡಿಸಿ ಹೆಸರಾದವನು. ಎರಡು ಮನೆತನಗಳ ಜಗಳದ ಆಟವಾದುದರಿಂದ ಅವನು ಗುಡ್ಡಗಾಡಿನ ಜನಪದ ಸಂಗೀತದ ಛಾಯೆಯನ್ನು ತಂದನು. ೧೯೮೨ರಲ್ಲಿ 'ಪಿರಮಿಡ್' ಆಟಕ್ಕೆ ಹೊಸ ಮಟ್ಟು ರಚಿಸಿದ ಬಾಬ್ ಕೋಬರ್ಟ್ 'ಡಾರ್ಕ್ ಷ್ಯಾಡೋಸ್' ಎಂಬ ಭಯಾನಕ ಧಾರಾವಾಹಿಗೂ ಸಂಗೀತ ಬರೆದವನೇ. ಇವರನ್ನು ಕೇವಲ ಕೂಲಿಗೆ ಬರೆದವರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆಸ್ಥಾನದಲ್ಲಿದ್ದು ಬರೆದ ಕವಿಗಳನ್ನು ನಾವು ಹಾಗೆ ತಳ್ಳಿಹಾಕಿಲ್ಲ.

ನಾಲ್ಕನೆಯ ಬಗೆಯಲ್ಲಿ ಮಾಡಿಸಿದವನೇ ರಚಿಸಿದವನು. ಮರ್ವ್ ಗ್ರಿಫಿನ್ ನಿರ್ಮಿಸಿದ 'ಜೆಪರ್ಡಿ' ೧೯೬೪ರ ಮಾರ್ಚ್ ೩೦ರಂದು ಎನ್.ಬಿ.ಸಿ.ಯಲ್ಲಿ ಆರಂಭವಾಯಿತು. ಆರಂಭದ ಮಟ್ಟು 'ಟೇಕ್ ಟೆನ್', ಗ್ರಿಫಿನ್ನನ ಆಗಿನ ಪತ್ನಿ ಜೂಲಾನ್ ರಚಿಸಿದುದು. ಕೊನೆಯ ಪ್ರಶ್ನೆಗೆ ಸ್ಪರ್ಧಿಗಳು ಉತ್ತರ ಬರೆಯುವ ೩೦ ಸೆಕೆಂಡುಗಳಿಗೆ ಗ್ರಿಫಿನ್ ತಾನು ಮಗನಿಗಾಗಿ ಕಟ್ಟಿದ್ದ ಜೋಗುಳವನ್ನೇ ಅಳವಡಿಸಿದನು. ಇದು 'ಥಿಂಕ್' ಎಂಬ ಹೆಸರಿನಿಂದ ಪ್ರಸಿದ್ಧವಾಗಿ, ೧೯೮೪ರ ಹೊಸ ಆವೃತ್ತಿಯಲ್ಲಿ ಇಡೀ ಕಾರ್ಯಕ್ರಮದ ಮಟ್ಟಾಯಿತು. ಈ ಮಟ್ಟು ಏಳು ಕೋಟಿ ಡಾಲರುಗಳಿಗೂ ಮಿಕ್ಕಿ ತನಗೆ ತಂದುಕೊಟ್ಟಿತೆಂದು ಗ್ರಿಫಿನ್ನನೇ ಹೇಳಿದ್ದುಂಟು. ಅವನದೇ 'ವೀಲ್ ಆಫ್ ಫಾರ್ಚೂನ್'ನಲ್ಲಿ ೧೯೭೫ರಿಂದ ಬಳಕೆಯಲ್ಲಿದ್ದ ಅಲನ್ ಥಿಕ್ಕನ 'ಬಿಗ್ ವೀಲ್ಸ್' ೧೯೮೩ರಲ್ಲಿ ಹೋಗಿ, ಗ್ರಿಫಿನ್ನನ 'ಚೇಂಜಿಂಗ್ ಕೀಸ್' ಬಂದಿತು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಅಮೆರಿಕದಲ್ಲಿ ೧೯೧೪ರಲ್ಲಿ ಸ್ಥಾಪಿತವಾದ ಆಸ್ಕಾಪ್, ೧೯೩೯ರಲ್ಲಿ ಸ್ಥಾಪಿತವಾದ ಬಿ.ಎಂ.ಐ. ಮುಂತಾದ ಸಂಘಗಳು ಪ್ರಸಾರಕ್ಕೆ ರಾಯಧನವನ್ನು ಸಂಗ್ರಹಿಸಿ ರಚನಕಾರರಿಗೂ ಪ್ರಕಾಶಕರಿಗೂ ಹಂಚುತ್ತವೆ. ವಾರಕ್ಕೆ ಐದು ದಿನ ಪ್ರಸಾರವಾಗುವ ಕಾರ್ಯಕ್ರಮದಲ್ಲಿ ಮಟ್ಟಿನ ಒಡೆತನ ಲಾಭಕರವಾದುದು. ಆದುದರಿಂದ ಒಡೆಯನ ಸಂಗೀತವನ್ನು ಕಲೆಯೆಂದು ಎಣಿಸಬೇಕೆ? ಲಾಭದ ಕಾರಣವು ಕೃತಿ ಹೇಗೆ ಹುಟ್ಟಿತೆಂಬುದನ್ನು ವಿವರಿಸೀತೇ ಹೊರತು ಅದರ ಗುಣವನ್ನು ನಿರ್ಣಯಿಸಲಾರದು. 'ಥಿಂಕ್' ಮಟ್ಟನ್ನು ಕೇಳಿಯೇ ಹೇಳಬೇಕು. ಪಣವೊಡ್ಡಿದ ಸ್ಪರ್ಧಿ ಮೌನವಾಗಿ ಬರೆಯುತ್ತಿರುವಾಗ ಸಂಗೀತ ಅವನನ್ನು ಅವಸರಪಡಿಸುವುದಿಲ್ಲ, ಹೆದರಿಸುವುದಿಲ್ಲ. ಮಗುವನ್ನು ತೂಗುವಂತೆ ಸಮವಾಗಿ ಹೆಜ್ಜೆಯಿಡುತ್ತದೆ. ಸನ್ನಿವೇಶದ ಉದ್ವೇಗವೂ ಸಂಗೀತದ ಮುಗ್ಧತೆಯೂ ಒಂದಕ್ಕೊಂದು ವಿರೋಧವಾಗಿರುವುದರಿಂದಲೇ ಉದ್ವೇಗ ಹೆಚ್ಚುತ್ತದೆ. ಕೊನೆಯ ಎರಡು ಭೇರಿಯೇಟುಗಳು ಗಡುವು ತೀರಿತೆಂದು ಸಾರುತ್ತವೆ. ೧೯೮೨ರಲ್ಲಿ ಇಂಗ್ಲೆಂಡಿನ 'ಕೌಂಟ್‌ಡೌನ್'ಗೆ ಅಲನ್ ಹಾಕ್‌ಷಾ ರಚಿಸಿದ ಮಟ್ಟಿಗೂ ೩೦ ಸೆಕೆಂಡುಗಳದೇ ಅವಧಿ. ಆದರೆ ಅದು ಗಡಿಯಾರವನ್ನೇ ಅನುಸರಿಸಿ ಓಡುತ್ತದೆ. ಹಾಕ್‌ಷಾನದು ಅನುಕರಣದ ಔಚಿತ್ಯ, ಗ್ರಿಫಿನ್ನನದು ವಿರೋಧದ ಔಚಿತ್ಯ. ಎರಡನೆಯದು ಮೇಲೆಂದು ನಮ್ಮ ಅಭಿಪ್ರಾಯ. ಏಕೆಂದರೆ ಅದು ಸನ್ನಿವೇಶದಲ್ಲಿ ಇಲ್ಲದಿದ್ದ ಒಂದನ್ನು ಸೇರಿಸುತ್ತದೆ. ಆದರೆ ಈ ಮೇಲ್ಮೆ ಮಟ್ಟಿನದಷ್ಟೇ ಅಲ್ಲ, ಅದನ್ನು ಅಲ್ಲಿಟ್ಟವನ ವಿವೇಚನೆಯದೂ ಹೌದು. ಜೋಗುಳ ತೊಟ್ಟಿಲ ಬಳಿಯಲ್ಲೇ ಉಳಿದಿದ್ದರೆ ಜೋಗುಳವಾಗಿಯೇ ಇರುತ್ತಿತ್ತು.

ಕರ್ತೃತ್ವವನ್ನು ನಿರ್ಣಯಿಸುವ ಸಾಮಗ್ರಿಯೂ ಅಷ್ಟಾಗಿ ಉಳಿದಿಲ್ಲ. ಟೇಪುಗಳನ್ನು ಅಳಿಸಿ ಮತ್ತೆ ಬಳಸುವ ಪದ್ಧತಿಯಿಂದಾಗಿ ೧೯೬೪ರಿಂದ ೧೯೭೫ರವರೆಗೆ ನಡೆದ ಮೊದಲ 'ಜೆಪರ್ಡಿ'ಯ ಬಹುಭಾಗ ನಾಶವಾಯಿತು. ಉಳಿದುಬಂದ ರಾಯಧನದ ಪಟ್ಟಿಗಳು ಹಣ ಯಾರಿಗೆ ಸಲ್ಲಬೇಕೆಂಬುದನ್ನು ಹೇಳುತ್ತವೆ. ಮಟ್ಟನ್ನು ಆರಿಸಿದವರಾರು, ಅದಕ್ಕೆ ವಾದ್ಯಗಳ ಬಣ್ಣ ಕೊಟ್ಟವರಾರು ಎಂಬುದನ್ನು ಹೇಳುವುದಿಲ್ಲ.

ಈ ಪರಂಪರೆ ನಮ್ಮಿಂದ ದೂರವಾದುದೇನೂ ಅಲ್ಲ. ೧೯೯೮ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್'ಗೆ ಕೀತ್ ಸ್ಟ್ರಾಚನ್ ಮತ್ತು ಅವನ ಮಗ ಮ್ಯಾಥ್ಯೂ ಸಂಗೀತ ರಚಿಸಿದರು. ಬಹುಮಾನದ ಮೊತ್ತ ಏರಿದಂತೆ ಶ್ರುತಿಯೂ ಅರ್ಧಸ್ವರ ಅರ್ಧಸ್ವರವಾಗಿ ಏರುವುದು ಅದರ ಮರ್ಮ. ಆ ಸಂಗೀತ ೨೦೦೦ದಲ್ಲಿ ಹಿಂದಿಯ 'ಕೌನ್ ಬನೇಗಾ ಕರೋಡ್‌ಪತಿ'ಯೊಡನೆ ಭಾರತಕ್ಕೆ ಬಂದಿತು. ಅದೇ ಆಟದ ಕನ್ನಡ ರೂಪವನ್ನು ೨೦೧೨ರಿಂದ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟರು. ಆ ಶ್ರುತಿಯ ಏರಿಕೆಗೆ ಎದೆಗೊಟ್ಟ ನಮ್ಮವರಲ್ಲಿ ಸ್ಟ್ರಾಚನ್ನರ ಹೆಸರನ್ನು ಬಲ್ಲವರು ವಿರಳ.

ಆದಕಾರಣ ಇಂತಹ ಮಟ್ಟುಗಳನ್ನು ಕುರಿತು ಬರೆಯುವವರು ಒಂದೇ ಹೆಸರನ್ನು ಹುಡುಕಿ ತೃಪ್ತರಾಗದೆ, ರಚಿಸಿದವರು, ಧ್ವನಿಗೂಡಿಸಿದವರು, ನೆಲೆಗೊಳಿಸಿದವರು ಎಂಬ ಮೂವರನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ವೆಕ್ಟರನಿಗೆ ಸಲ್ಲಬೇಕಾದುದು ವೆಕ್ಟರನಿಗೂ ಆಲ್ಪರ್ಟನಿಗೆ ಸಲ್ಲಬೇಕಾದುದು ಆಲ್ಪರ್ಟನಿಗೂ ಆಗ ಸಲ್ಲುವುದು. ಕಲ್ಲು ಕಡೆದ ರೂವಾರಿಯ ಹೆಸರನ್ನೂ ಬಿಡದೆ ಬರೆದಿಟ್ಟ ನಾಡಿನ ವಿದ್ವಾಂಸರಿಗೆ ಈ ಕ್ರಮವನ್ನು ಬೇರೆಯವರಿಂದ ಕಲಿಯಬೇಕಾದ ಅಗತ್ಯವಿಲ್ಲ.