‘ಮುಂದುವರಿಯಲೇ?’ ಎಂದು ಕೇಳುವ ಸಹಾಯಕ

ಕೋಡ್ ಬರೆದುಕೊಡುವ ಎಐ ಮೊದಲು ಬಂದು ಕೂತದ್ದು ಎಡಿಟರ್‌ನ ಒಳಗೆ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಪ್ರಾಯೋಗಿಕವಾಗಿ ಹೊರಬಂದಾಗ ಅದರ ಮುಖ್ಯ ಕೆಲಸ ಇಷ್ಟೇ ಇತ್ತು: ನಾವು ಅರ್ಧ ಸಾಲು ಟೈಪ್ ಮಾಡಿದರೆ ಉಳಿದದ್ದನ್ನು ಮಸುಕು ಅಕ್ಷರಗಳಲ್ಲಿ ಮುಂದೆ ಹಿಡಿಯುವುದು. ಟ್ಯಾಬ್ ಒತ್ತಿದರೆ ಉಳಿಯಿತು, ಇಲ್ಲದಿದ್ದರೆ ಮಾಯ. ನಾಲ್ಕು ವರ್ಷ ತುಂಬುವಷ್ಟರಲ್ಲಿ ಇಂಥ ಸಹಾಯಕ ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ಗೆ ಬಂದುಬಿಟ್ಟಿತು. 2025ರ ಫೆಬ್ರವರಿಯಲ್ಲಿ ಆಂತ್ರೋಪಿಕ್‌ನ ಕ್ಲಾಡ್ ಕೋಡ್, ಏಪ್ರಿಲ್‌ನಲ್ಲಿ ಓಪನ್‌ಎಐನ ಕೋಡೆಕ್ಸ್ ಸಿಎಲ್‌ಐ, ಜೂನ್‌ನಲ್ಲಿ ಗೂಗಲ್‌ನ ಜೆಮಿನಿ ಸಿಎಲ್‌ಐ. ದೊಡ್ಡ ಕಂಪನಿಗಳಿಗಿಂತ ಮೊದಲೇ, 2023ರಲ್ಲಿ, ಪಾಲ್ ಗೋಥಿಯರ್ ಎಂಬ ಪ್ರೋಗ್ರಾಮರ್ ಏಡರ್ ಎಂಬ ಮುಕ್ತ ತಂತ್ರಾಂಶವನ್ನು ಇದೇ ದಾರಿಯಲ್ಲಿ ಕಟ್ಟಿದ್ದರು. ಇದ್ದುದರಲ್ಲಿ ತೀರಾ ಹೊಸ ತಂತ್ರಜ್ಞಾನ ಇದ್ದುದರಲ್ಲಿ ತೀರಾ ಹಳೆಯ ಪರದೆಯನ್ನು ಹುಡುಕಿಕೊಂಡು ಹೋದದ್ದು ಯಾಕೆ?

ಫ್ಯಾಷನ್ ಎಂದು ತಳ್ಳಿಹಾಕುವಂತಿಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ 1969ರಿಂದ ಬೆಳೆದ ಯುನಿಕ್ಸ್ ಒಂದು ಹಟ ಹಿಡಿದಿತ್ತು. ಪ್ರತಿ ಪ್ರೋಗ್ರಾಂ ಒಂದು ಸಣ್ಣ ಕೆಲಸ ಮಾಡಲಿ, ಅದಕ್ಕೆ ಒಳಬರುವುದೂ ಅದರಿಂದ ಹೊರಹೋಗುವುದೂ ಬರಿಯ ಪಠ್ಯವಾಗಿರಲಿ. 1973ರಲ್ಲಿ ಅಲ್ಲಿಯ ಡಗ್ ಮೆಕ್‌ಇಲ್‌ರಾಯ್ ಅವರ ಒತ್ತಾಸೆಯಿಂದ ಪೈಪ್ ಬಂತು, ಒಂದರ ಉತ್ತರ ಇನ್ನೊಂದರ ಪ್ರಶ್ನೆಯಾಗಿ ಹರಿಯತೊಡಗಿತು. ಅಲ್ಲಿಯವರೇ ಆದ ಕೆನ್ ಥಾಂಪ್ಸನ್ ಬರೆದ, ಪಠ್ಯದಲ್ಲಿ ಪದ ಹುಡುಕುವ ಗ್ರೆಪ್ ಇವತ್ತಿಗೂ ಪ್ರತಿ ಪ್ರೋಗ್ರಾಮರ್‌ನ ಬೆರಳ ತುದಿಯಲ್ಲಿದೆ. ಈ ಸಹಾಯಕಗಳ ಒಳಗಿರುವ ಭಾಷಾ ಮಾದರಿ ಓದುವುದೂ ಬರೆಯುವುದೂ ಪಠ್ಯವನ್ನೇ. ಅದಕ್ಕೆ ಬಟನ್ ಹುಡುಕಿ ಒತ್ತುವುದು ಕಷ್ಟ, ಕಮಾಂಡ್ ಬರೆಯುವುದು ಸಲೀಸು. ಅರ್ಧ ಶತಮಾನ ಮನುಷ್ಯರಿಗಾಗಿ ಕೂಡಿಟ್ಟ ಸಲಕರಣೆಗಳ ಚೀಲ ಅನಾಯಾಸವಾಗಿ ಅದರ ಕೈಗೆ ಸಿಕ್ಕಿತು.

ಕೆಲಸ ನಡೆಯುವ ರೀತಿ ನೋಡಿ. ಪ್ರಾಜೆಕ್ಟ್‌ನ ಫೋಲ್ಡರ್‌ಗೆ ಹೋಗಿ ‘ರಶೀದಿಯಲ್ಲಿ ದಿನಾಂಕ ಒಂದು ದಿನ ಹಿಂದೆ ಬರ್ತಿದೆ, ಸರಿಮಾಡು’ ಎಂದು ಬರೆದೆವೆನ್ನಿ. ಸಹಾಯಕದ ಬಳಿ ಆ ಕೋಡ್‌ನ ಬಗ್ಗೆ ಮೊದಲೇ ಯಾವ ತಿಳಿವಳಿಕೆಯೂ ಇಲ್ಲ. ಗ್ರೆಪ್ ಓಡಿಸಿ ‘ರಶೀದಿ’ಗೆ ಸಂಬಂಧಪಟ್ಟ ಫೈಲ್‌ಗಳನ್ನು ಹುಡುಕುತ್ತದೆ, ಎರಡು ಮೂರನ್ನು ತೆರೆದು ಓದುತ್ತದೆ. ಸರ್ವರ್‌ನ ಸಮಯವನ್ನೂ ಭಾರತದ ಸಮಯವನ್ನೂ ಕೂಡಿಸುವಲ್ಲಿ ಐದೂವರೆ ಗಂಟೆ ತಪ್ಪಿಹೋಗಿದೆ ಎಂದು ಊಹಿಸುತ್ತದೆ, ನಾಲ್ಕು ಸಾಲು ಬದಲಿಸುತ್ತದೆ, ಟೆಸ್ಟ್ ಓಡಿಸುತ್ತದೆ. ಟೆಸ್ಟ್ ಬಿದ್ದರೆ ಬಂದ ದೋಷದ ಸಂದೇಶವನ್ನು ತಾನೇ ಓದಿಕೊಂಡು ಇನ್ನೊಮ್ಮೆ ಯತ್ನಿಸುತ್ತದೆ. ಈ ಸುತ್ತು ಇರುವುದರಿಂದಲೇ ಟರ್ಮಿನಲ್‌ನ ಸಹಾಯಕ ಹಳೆಯ ಸಾಲು ತುಂಬುವ ಸಹಾಯಕಕ್ಕಿಂತ ಬೇರೆ ಜಾತಿಯದು. ಮಾತು ತಪ್ಪಾದರೆ ಕಂಪೈಲರ್ ತಕ್ಷಣ ಬೈಯುತ್ತದೆ, ಬೈಸಿಕೊಂಡದ್ದು ಅದಕ್ಕೆ ಪಾಠವಾಗುತ್ತದೆ.

ಇದರಲ್ಲಿ ನಾನು ಮೊದಲು ಮೆಚ್ಚುವುದು ವೇಗವನ್ನಲ್ಲ, ನಡೆದದ್ದೆಲ್ಲ ಕಣ್ಣೆದುರು ಸಾಲುಸಾಲಾಗಿ ಉಳಿಯುವುದನ್ನು. ಯಾವ ಕಮಾಂಡ್ ಓಡಿತು, ಯಾವ ಫೈಲ್ ಬದಲಾಯಿತು, ಹಳೆಯ ಸಾಲು ಯಾವುದು, ಹೊಸದು ಯಾವುದು, ಎಲ್ಲವೂ ಪರದೆಯ ಮೇಲಿರುತ್ತದೆ. ಏಡರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾನು ಮಾಡಿದ ಪ್ರತಿ ಬದಲಾವಣೆಯನ್ನೂ ತಾನಾಗಿಯೇ ಗಿಟ್‌ನಲ್ಲಿ ಕಮಿಟ್ ಮಾಡುತ್ತದೆ, ಅಂದರೆ ಹಿಂದಿರುಗಲು ಬರುವಂತೆ ದಾಖಲಿಸುತ್ತದೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನೆಲ್‌ನ ಕೆಲಸಕ್ಕೆಂದು ಬರೆದ ಗಿಟ್, ಎಐಯ ಪುಂಡಾಟಕ್ಕೆ ಮೂಗುದಾರವೂ ಆದೀತೆಂದು ಆಗ ಯಾರೂ ಎಣಿಸಿರಲಿಕ್ಕಿಲ್ಲ. ಇಷ್ಟವಾಗದ್ದನ್ನು ಹಿಂದಕ್ಕೆ ತಳ್ಳಲು ಒಂದೇ ಕಮಾಂಡ್ ಸಾಕು. ನನ್ನ ಮಟ್ಟಿಗೆ ಈ ಇಡೀ ಗುಂಪಿನಲ್ಲಿ ಅತ್ಯಂತ ವಿವೇಕದ ವಿನ್ಯಾಸ ಇದೇ, ಅದು ಬಂದದ್ದು ಯಾವ ದೊಡ್ಡ ಕಂಪನಿಯಿಂದಲೂ ಅಲ್ಲ.

ಆಕ್ಷೇಪ ಇರುವುದು ಅನುಮತಿ ಕೇಳುವ ವ್ಯವಸ್ಥೆಯ ಬಗ್ಗೆ. ಫೈಲ್ ತಿದ್ದುವ ಮೊದಲು, ಕಮಾಂಡ್ ಓಡಿಸುವ ಮೊದಲು ಸಹಾಯಕ ನಿಂತು ‘ಮುಂದುವರಿಯಲೇ?’ ಎಂದು ಕೇಳುತ್ತದೆ. ಮನುಷ್ಯ ನೋಡುತ್ತಾನೆ, ಯೋಚಿಸುತ್ತಾನೆ, ಒಪ್ಪುತ್ತಾನೆ ಎಂಬುದು ಇದರ ಹಿಂದಿರುವ ನಂಬಿಕೆ. ಮೊದಲ ಹತ್ತು ಸಲ ನಿಜಕ್ಕೂ ಹಾಗೇ ಆಗುತ್ತದೆ. ಆಮೇಲೆ ಆಗುವುದು ತಾಲ್ಲೂಕು ಕಚೇರಿಯ ಸಂಜೆಯ ಸಹಿಯಂತೆ: ಗುಮಾಸ್ತರು ಕಡತದ ರಾಶಿ ತಂದಿಡುತ್ತಾರೆ, ಸಾಹೇಬರು ಫೋನಿನಲ್ಲಿ ಮಾತಾಡುತ್ತಲೇ ಗುರುತು ಹಾಕಿದ ಜಾಗದಲ್ಲಿ ಸಹಿ ಎಳೆಯುತ್ತಾ ಹೋಗುತ್ತಾರೆ. ಟೆಸ್ಟ್ ಓಡಿಸಲೇ ಎಂಬ ನಿರಪಾಯದ ಪ್ರಶ್ನೆಯೂ ಫೋಲ್ಡರ್ ಅಳಿಸಲೇ ಎಂಬ ಅಪಾಯದ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ ಆಕಾರದ ಚೌಕಟ್ಟಿನಲ್ಲಿ ಬಂದರೆ ಬೆರಳಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ಬೇಸತ್ತವರಿಗಾಗಿ ಕಂಪನಿಗಳೇ ಹಿತ್ತಿಲ ಬಾಗಿಲನ್ನೂ ಇಟ್ಟಿವೆ. ಕ್ಲಾಡ್ ಕೋಡ್‌ನಲ್ಲಿ ‘ಡೇಂಜರಸ್ಲಿ ಸ್ಕಿಪ್ ಪರ್ಮಿಷನ್ಸ್’, ಜೆಮಿನಿಯಲ್ಲಿ ‘ಯೋಲೋ’ ಎಂಬ ಆಯ್ಕೆ ಕೊಟ್ಟು ಶುರುಮಾಡಿದರೆ ಸಹಾಯಕ ಯಾವುದನ್ನೂ ಕೇಳುವುದಿಲ್ಲ. ಅಪಾಯ ಎಂದು ಹೆಸರಿನಲ್ಲೇ ಬರೆದು ಕೈಗಿಟ್ಟರೆ ತಯಾರಕರ ಹೊಣೆ ಮುಗಿಯಿತೇ? ಪ್ರಶ್ನೆಗಳ ಕಾಟ ತಾಳಲಾರದೆ ಜನ ಈ ಬಾಗಿಲಿನಿಂದ ಹೋಗುತ್ತಿದ್ದಾರೆಂದರೆ ತಪ್ಪು ಮುಂಬಾಗಿಲಿನದೂ ಹೌದು.

ಇದು ಬರಿಯ ಆತಂಕವಲ್ಲ, ಎರಡು ಘಟನೆಗಳು ದಾಖಲಾಗಿವೆ. ಜೆಮಿನಿ ಸಿಎಲ್‌ಐ ಬಿಡುಗಡೆಯಾದ ಎರಡೇ ದಿನಕ್ಕೆ ಟ್ರೇಸ್‌ಬಿಟ್ ಎಂಬ ಭದ್ರತಾ ಸಂಸ್ಥೆ ಅದರಲ್ಲೊಂದು ಬಿರುಕನ್ನು ಗೂಗಲ್‌ಗೆ ವರದಿ ಮಾಡಿತು. ಪ್ರಾಜೆಕ್ಟ್‌ನ ಜೊತೆ ಬರುವ ರೀಡ್‌ಮಿ ಫೈಲ್‌ನಲ್ಲಿ, ಯಾರೂ ಓದದ ಉದ್ದನೆಯ ಪರವಾನಗಿ ಪಠ್ಯದ ನಡುವೆ, ಸಹಾಯಕಕ್ಕೆಂದೇ ಬರೆದ ಗುಟ್ಟಿನ ಸೂಚನೆ ಇಡಬಹುದಾಗಿತ್ತು. ಸಹಾಯಕ ಮೊದಲು ಮುಗ್ಧವಾದ ಗ್ರೆಪ್ ಓಡಿಸಲು ಅನುಮತಿ ಕೇಳುತ್ತದೆ. ಬಳಕೆದಾರ ‘ಗ್ರೆಪ್‌ಗೆ ಯಾವಾಗಲೂ ಸೈ’ ಎನ್ನುತ್ತಾನೆ. ಮುಂದಿನ ಕಮಾಂಡ್ ಗ್ರೆಪ್‌ನಿಂದಲೇ ಶುರುವಾಗುತ್ತದೆ, ಆದರೆ ಅದರ ಬಾಲದಲ್ಲಿ ಕಂಪ್ಯೂಟರ್‌ನ ಗುಪ್ತ ಮಾಹಿತಿಯನ್ನು ಹೊರಗಿನ ಸರ್ವರ್‌ಗೆ ರವಾನಿಸುವ ಇನ್ನೊಂದು ಕಮಾಂಡ್ ಅಂಟಿಕೊಂಡಿರುತ್ತದೆ. ನಡುವೆ ಉದ್ದಕ್ಕೆ ಖಾಲಿ ಜಾಗ ತುಂಬಿದರೆ ಆ ಬಾಲ ಪರದೆಯಲ್ಲಿ ಕಾಣುವುದೂ ಇಲ್ಲ. ಗೂಗಲ್ 0.1.14 ಆವೃತ್ತಿಯಲ್ಲಿ ಇದನ್ನು ಸರಿಪಡಿಸಿತು. ನಾನು ಮೇಲೆ ಹೊಗಳಿದ ಪಾರದರ್ಶಕತೆಯನ್ನೇ ಈ ಉಪಾಯ ಬುಡಮೇಲು ಮಾಡಿತ್ತು ಎಂಬುದನ್ನು ಗಮನಿಸಬೇಕು. ಕಣ್ಣೆದುರು ಇದ್ದದ್ದನ್ನು ನಾವು ನಿಜಕ್ಕೂ ನೋಡುತ್ತೇವೆ ಎಂಬ ಖಾತರಿ ಇಲ್ಲ.

ಎರಡನೆಯದು ಇನ್ನೂ ವಿಚಿತ್ರ. 2025ರ ಆಗಸ್ಟ್ 26ರಂದು ಎನ್‌ಎಕ್ಸ್ ಎಂಬ ಜನಪ್ರಿಯ ಜಾವಾಸ್ಕ್ರಿಪ್ಟ್ ಸಲಕರಣೆಯ ಕಲಬೆರಕೆ ಆವೃತ್ತಿಗಳು ಎನ್‌ಪಿಎಂ ಎಂಬ ಪ್ಯಾಕೇಜ್ ಭಂಡಾರಕ್ಕೆ ಸೇರಿಬಿಟ್ಟವು. ಅವನ್ನು ಹಾಕಿಕೊಂಡವರ ಕಂಪ್ಯೂಟರ್‌ನಲ್ಲಿ ಕ್ಲಾಡ್, ಜೆಮಿನಿ ಅಥವಾ ಅಮೆಜಾನ್‌ನ ಸಹಾಯಕ ಕ್ಯೂ ಇದೆಯೇ ಎಂದು ಆ ದುಷ್ಟ ಕೋಡ್ ನೋಡುತ್ತಿತ್ತು. ಇದ್ದರೆ ಅನುಮತಿ ಕೇಳದಂತೆ ಮಾಡುವ ಅದೇ ಆಯ್ಕೆಗಳನ್ನು ಕೊಟ್ಟು ಸಹಾಯಕವನ್ನು ಎಬ್ಬಿಸಿ, ‘ಈ ಯಂತ್ರದಲ್ಲಿ ಕ್ರಿಪ್ಟೋ ವ್ಯಾಲೆಟ್, ಪಾಸ್‌ವರ್ಡ್, ಕೀಗಳಿರುವ ಫೈಲ್‌ಗಳ ಪಟ್ಟಿ ಮಾಡು’ ಎಂದು ಹುಡುಕಲು ಹಚ್ಚುತ್ತಿತ್ತು. ಕದ್ದ ಮಾಹಿತಿಯನ್ನು ಬಲಿಯಾದವರದೇ ಗಿಟ್‌ಹಬ್ ಖಾತೆಯಲ್ಲಿ ಬಹಿರಂಗವಾಗಿ ಇಡಲಾಗುತ್ತಿತ್ತು. ಯೂಸರ್‌ಗೆ ಇರುವ ಎಲ್ಲ ಅಧಿಕಾರವೂ ಸಹಾಯಕಕ್ಕಿದೆ, ಯಾರು ಕರೆದರೂ ಅದು ಕೆಲಸಕ್ಕೆ ನಿಲ್ಲುತ್ತದೆ. ಈ ಅಧಿಕಾರ ಎಡಿಟರ್‌ನಲ್ಲಿ ಸಾಲು ತುಂಬುತ್ತಿದ್ದ ಹಳೆಯ ಸಹಾಯಕದ್ದಕ್ಕಿಂತ ತುಂಬಾ ವಿಸ್ತಾರವಾದದ್ದು.

ಉತ್ತರ ಗೊತ್ತಿಲ್ಲದ್ದೇನಲ್ಲ. 2025ರಲ್ಲಿ ಕೋಡೆಕ್ಸ್ ಮ್ಯಾಕ್‌ನಲ್ಲಿ ಸೀಟ್‌ಬೆಲ್ಟ್, ಲಿನಕ್ಸ್‌ನಲ್ಲಿ ಲ್ಯಾಂಡ್‌ಲಾಕ್ ಎಂಬ ಆಪರೇಟಿಂಗ್ ಸಿಸ್ಟಂನ ಸೌಲಭ್ಯಗಳನ್ನೇ ಬಳಸಿ ಸಹಾಯಕವನ್ನು ಸ್ಯಾಂಡ್‌ಬಾಕ್ಸ್‌ನೊಳಗೆ ಇಟ್ಟಿತು: ಬರೆಯುವುದಿದ್ದರೆ ಈ ಫೋಲ್ಡರ್‌ನೊಳಗೆ ಮಾತ್ರ, ಹೇಳದೆ ಇಂಟರ್‌ನೆಟ್ ಇಲ್ಲ. ಆಂತ್ರೋಪಿಕ್ 2025ರ ಅಕ್ಟೋಬರ್‌ನಲ್ಲಿ ಇಂಥದ್ದನ್ನು ತಂದಾಗ, ತನ್ನ ಒಳಗಿನ ಬಳಕೆಯಲ್ಲಿ ಅನುಮತಿಯ ಪ್ರಶ್ನೆಗಳು ಶೇ 84ರಷ್ಟು ಇಳಿದವು ಎಂದು ಹೇಳಿಕೊಂಡಿತು. ಆ ಅಂಕಿಯನ್ನು ನಾನು ಹೊಗಳಿಕೆಯಾಗಿ ಅಲ್ಲ, ತಪ್ಪೊಪ್ಪಿಗೆಯಾಗಿ ಓದುತ್ತೇನೆ. ಅಷ್ಟು ಪ್ರಶ್ನೆಗಳನ್ನು ಯಂತ್ರವೇ ನಿಭಾಯಿಸಬಹುದಾಗಿತ್ತು ಎಂದಾದರೆ ಅಷ್ಟು ದಿನ ಅವನ್ನು ಮನುಷ್ಯನ ಮುಂದೆ ಒಡ್ಡಿದ್ದೇಕೆ?

ಇನ್ನು ವೇಗದ ಮಾತು. ಮೆಟರ್ ಎಂಬ ಸಂಶೋಧನಾ ಸಂಸ್ಥೆ 2025ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಕ್ತ ತಂತ್ರಾಂಶದ 16 ಅನುಭವಿ ಪ್ರೋಗ್ರಾಮರ್‌ಗಳು 246 ಕೆಲಸಗಳನ್ನು ಮಾಡಿದರು. ಎಐ ಬಳಸಿದಾಗ ಅವರಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಆದರೆ ತಾವು ಶೇ 20ರಷ್ಟು ಬೇಗ ಮುಗಿಸಿದೆವೆಂದು ಅವರು ನಂಬಿದ್ದರು. ಅವರು ಮುಖ್ಯವಾಗಿ ಬಳಸಿದ್ದು ಕರ್ಸರ್ ಎಂಬ ಎಡಿಟರನ್ನು, ಟರ್ಮಿನಲ್ ಸಹಾಯಕವನ್ನಲ್ಲ. ಮಾದರಿಗಳೂ ಅಲ್ಲಿಂದ ಮುಂದೆ ಸಾಗಿವೆ. ಹಾಗಾಗಿ ಈ ಅಂಕಿಯನ್ನು ಇಲ್ಲಿಗೆ ಎತ್ತಿ ತಂದು ತೀರ್ಪು ಕೊಡಲು ಬರುವುದಿಲ್ಲ. ಉಳಿದುಕೊಳ್ಳುವುದು ನಂಬಿಕೆಗೂ ಗಡಿಯಾರಕ್ಕೂ ನಡುವಿನ ಅಂತರ. ಟರ್ಮಿನಲ್‌ನಲ್ಲಿ ಅಕ್ಷರಗಳು ಸರಸರ ಹರಿಯುವಾಗ ಕೆಲಸ ಭರದಿಂದ ಸಾಗಿದೆ ಅನ್ನಿಸುವುದು ಇನ್ನೂ ಸುಲಭ.

ಬೆಂಗಳೂರಿನ ಕಚೇರಿಗಳಲ್ಲಿ ಈಗ ಕೇಳಿಬರುವ ದೂರು ಬೇರೆಯೇ ಇದೆ: ಪುಲ್ ರಿಕ್ವೆಸ್ಟ್‌ಗಳು, ಅಂದರೆ ‘ಓದಿ ಸೇರಿಸಿಕೊಳ್ಳಿ’ ಎಂದು ಕಳಿಸುವ ಬದಲಾವಣೆಗಳು, ದಪ್ಪವಾಗುತ್ತಿವೆ, ಓದುವವರು ಅಷ್ಟೇ ಇದ್ದಾರೆ. ಮೂವತ್ತು ಫೈಲ್‌ಗಳಲ್ಲಿ ಹರಡಿದ ಬದಲಾವಣೆಯನ್ನು ಓದಿ ಒಪ್ಪುವುದು ಅದನ್ನು ಬರೆಯುವುದಕ್ಕಿಂತ ಹಗುರವಾದ ಕೆಲಸವೇನಲ್ಲ. ಟೆಸ್ಟ್ ಹಸಿರಾಗಿದೆ ಎಂದು ನೆಚ್ಚುವಂತೆಯೂ ಇಲ್ಲ. ಟೆಸ್ಟ್‌ಗೆ ಬೇಕಾದ ಉತ್ತರವನ್ನೇ ಕೋಡ್‌ನಲ್ಲಿ ನೇರವಾಗಿ ಬರೆದು ಪಾಸಾಗುವ ಚಾಳಿ ಈ ಮಾದರಿಗಳಲ್ಲಿ ಕಂಡುಬಂದಿದೆ, ತಯಾರಿಸಿದವರೇ ತಮ್ಮ ವರದಿಗಳಲ್ಲಿ ಅದನ್ನು ಬರೆದುಕೊಂಡಿದ್ದಾರೆ. ಟೆಸ್ಟ್ ಫೈಲ್ ಮುಟ್ಟಿದ ಬದಲಾವಣೆಯನ್ನು ಬೇರೆಯಾಗಿ, ಎರಡು ಸಲ ಓದುವುದು ಒಳ್ಳೆಯ ಅಭ್ಯಾಸ.

ಕನ್ನಡದಲ್ಲಿ ಹೇಳಿದರೆ ಇವಕ್ಕೆ ತಿಳಿಯುತ್ತದೆಯೇ? ತಿಳಿಯುತ್ತದೆ. ಅಚ್ಚ ಕನ್ನಡವೂ, ಕಚೇರಿಯಲ್ಲಿ ಆಡುವ ಬೆರಕೆ ಕನ್ನಡವೂ. ತೊಡಕಿರುವುದು ಪರದೆಯಲ್ಲಿ. ಟರ್ಮಿನಲ್ ಎಂದರೆ ಇಂದಿಗೂ 1978ರ ವಿಟಿ100 ಎಂಬ ಟರ್ಮಿನಲ್ ಯಂತ್ರದ ವಂಶಸ್ಥ, 80 ಕಂಬಸಾಲು, 24 ಅಡ್ಡಸಾಲಿನ ಮನೆಗಳು. ಒಂದು ಮನೆಗೆ ಒಂದು ಅಕ್ಷರ ಎಂಬ ಲೆಕ್ಕಾಚಾರ ನಮ್ಮ ಒತ್ತಕ್ಷರಗಳಿಗೆ ಒಗ್ಗುವುದಿಲ್ಲ. ಹಲವು ಟರ್ಮಿನಲ್‌ಗಳಲ್ಲಿ ಒತ್ತು ಒಂದೆಡೆ, ಮೂಲಾಕ್ಷರ ಒಂದೆಡೆ ಬಿದ್ದು, ಕರ್ಸರ್ ಎಲ್ಲಿದೆ ಎಂದೇ ತಿಳಿಯದು. ಖರ್ಚಿನ ಮಾತೂ ಇದೆ. ‘ಕನ್ನಡ’ ಎಂಬ ಪದಕ್ಕೆ ಯೂನಿಕೋಡ್‌ನಲ್ಲಿ 5 ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ಅದೇ ಅರ್ಥದ ಇಂಗ್ಲಿಷ್ ವಾಕ್ಯಕ್ಕಿಂತ ಕನ್ನಡ ವಾಕ್ಯ ಹೆಚ್ಚು ಟೋಕನ್, ಅಂದರೆ ಮಾದರಿ ಪಠ್ಯವನ್ನು ಒಡೆದು ಓದುವ ತುಣುಕು, ನುಂಗುತ್ತದೆ. ಹಣ ಲೆಕ್ಕವಾಗುವುದು ಟೋಕನ್‌ನಲ್ಲೇ, ಸಹಾಯಕದ ನೆನಪಿನ ಮಿತಿಯೂ ಟೋಕನ್‌ನಲ್ಲೇ. ಸೂಚನೆ ಒಂದೆರಡು ಸಾಲಿನದಾದರೆ ಇದು ಗಣನೆಗೆ ಬಾರದು, ಪುಟಗಟ್ಟಲೆ ಕನ್ನಡದ ಕಡತವನ್ನು ಪೈಪ್ ಮಾಡುವವರಿಗೆ ಖಂಡಿತ ಬರುತ್ತದೆ.

ಇಷ್ಟೆಲ್ಲ ಆದಮೇಲೂ ನನ್ನ ತೀರ್ಪು ಟರ್ಮಿನಲ್‌ನ ಪರವೇ. ಎಡಿಟರ್‌ನ ಒಳಗೆ ಅಡಗಿ ಕೆಲಸ ಮಾಡುವ ಸಹಾಯಕಕ್ಕಿಂತ, ಕಮಾಂಡ್ ಬರೆದು ತೋರಿಸಿ ಓಡಿಸುವ ಸಹಾಯಕ ಮೇಲು. ಸರ್ವರ್‌ನ ಲಾಗ್ ಫೈಲನ್ನು ಪೈಪ್‌ನಲ್ಲಿ ಹರಿಸಿ ‘ನಿನ್ನೆ ರಾತ್ರಿ ಏನಾಯಿತು?’ ಎಂದು ಕೇಳುವ ಸೌಕರ್ಯ ಬೇರೆಡೆ ಇಷ್ಟು ಸಲೀಸಾಗಿಲ್ಲ. ಆದರೆ ‘ಮುಂದುವರಿಯಲೇ?’ ಎಂಬ ಪ್ರಶ್ನೆಯನ್ನು ರಕ್ಷಣೆ ಎಂದು ಕರೆಯುವುದನ್ನು ನಿಲ್ಲಿಸಬೇಕು. ಬಳಸುವವರು ಇದನ್ನು ಕೀಗಳೂ ಪಾಸ್‌ವರ್ಡ್‌ಗಳೂ ಇರುವ ಹೋಮ್ ಫೋಲ್ಡರ್‌ನಲ್ಲಿ ಓಡಿಸದೆ, ಬೇರೆ ಕಂಟೇನರ್‌ನಲ್ಲೋ ಬೇರೆ ಯೂಸರ್ ಖಾತೆಯಲ್ಲೋ ಓಡಿಸಲಿ, ಪ್ರತಿ ಕೆಲಸಕ್ಕೆ ಮುನ್ನ ಕಮಿಟ್ ಮಾಡಿಕೊಳ್ಳಲಿ. ತಯಾರಕರು ಸ್ಯಾಂಡ್‌ಬಾಕ್ಸನ್ನು ಹುಡುಕಿ ಚಾಲೂ ಮಾಡಿಕೊಳ್ಳುವ ಸೌಲಭ್ಯವಾಗಿ ಇಡದೆ, ಇನ್‌ಸ್ಟಾಲ್ ಮಾಡಿದ ಕ್ಷಣದಿಂದಲೇ ಚಾಲೂ ಇರುವಂತೆ ಕೊಡಲಿ. ಬೇಡವೆನ್ನುವವರು ತಾವೇ ಹುಡುಕಿ ಆಫ್ ಮಾಡಿಕೊಳ್ಳಲಿ.